ಇಲಿ ಗೇಟಿನಲ್ಲಿ ನಿಂತ ಬಸ್ಸು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಇಲಿ ಕಚ್ಚುತ್ತಾ?" ಕಚ್ಚುತ್ತದೆ. ನನಗೂ ಕಚ್ಚಿದೆ, ಎಡಗೈ ಹೆಬ್ಬೆರಳಿನಲ್ಲಿ ಗುರುತು ಇನ್ನೂ ಇದೆ. ಆ ಹೆದರಿಕೆ ಸ್ವಲ್ಪ ದಿನದಲ್ಲಿ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾನು ಹೇಳಬೇಕೆಂದಿರುವುದು ಇನ್ನೊಂದು ಹೆದರಿಕೆಯ ವಿಷಯ. ಅದು ನನಗೆ ಕೆಲಸದಿಂದ ಬಂತು, ಕೆಲಸ ಬಿಟ್ಟ ಮೇಲೂ ಮನೆಯಲ್ಲೇ ಉಳಿದುಕೊಂಡಿದೆ. ಇದನ್ನು ಬರೆಯುತ್ತಿರುವಾಗ ನನ್ನ ಯಜಮಾನರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದಾರೆ. ಹಾಳೆ ಮಗುಚುವ ಸದ್ದು ಕೊಂಚ ತಡವಾದರೆ ನನ್ನ ಪೆನ್ನು ನಿಂತುಹೋಗುತ್ತದೆ.

ನನ್ನ ಹೆಸರು ಜಯಮ್ಮ. ತವರು ಕಟ್ಟೆಮಳಲವಾಡಿ, ಈಗ ಇರುವುದು ಹುಣಸೂರು ಪೇಟೆಯಲ್ಲಿ. ಮೈಸೂರಿನಿಂದ ಬರುವಾಗ ಬಿಳಿಕೆರೆ ದಾಟಿದ ಮೇಲೆ ಹೆದ್ದಾರಿಯ ಪಕ್ಕ ಒಂದು ಸಂಶೋಧನಾ ಕೇಂದ್ರ ಸಿಗುತ್ತದೆ. ಅದರ ಪ್ರಾಣಿಮನೆಯಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಯಜಮಾನರು ತಮ್ಮೇಗೌಡರು ಬಸ್ ಕಂಡಕ್ಟರ್, ಮೈಸೂರು–ಪಿರಿಯಾಪಟ್ಟಣ ರೂಟು. ನಮ್ಮ ಕೇಂದ್ರದ ಗೇಟಿನ ಹತ್ತಿರ ಅಧಿಕೃತವಾಗಿ ಸ್ಟಾಪೇ ಇರಲಿಲ್ಲ. ಇವರು ನನಗೋಸ್ಕರ ನಿಲ್ಲಿಸಿ ನಿಲ್ಲಿಸಿ ಅದು ಸ್ಟಾಪಾಯಿತು. ಅದಕ್ಕೆ ಹೆಸರಿಟ್ಟವರೂ ಅವರೇ. "ಯಾರ್ರೀ ಇಲಿ ಗೇಟು! ಇಳ್ಕಳಿ ಇಲಿ ಗೇಟು!" ಎಂದು ಕೂಗಿದರೆ ಇಡೀ ಬಸ್ಸು ನಗುತ್ತಿತ್ತು. ಇಳಿಯುತ್ತಿದ್ದವಳು ನಾನೊಬ್ಬಳೇ.

ನಮ್ಮಲ್ಲಿ ನಡೆಯುತ್ತಿದ್ದುದು ಲಕ್ವದ ಸಂಶೋಧನೆ. ಮಿದುಳಿಗೆ ಹೋಗುವ ರಕ್ತ ನಿಂತ ಮೇಲೆ ಅಲ್ಲಿ ಹೊತ್ತಿಕೊಳ್ಳುವ ಉರಿಯೂತವನ್ನು ತಗ್ಗಿಸಲು ಸೂಜಿ ಚುಚ್ಚಿ ಸಣ್ಣ ಕರೆಂಟು ಕೊಡುವ ಚಿಕಿತ್ಸೆಯಿಂದ ಏನಾದರೂ ಉಪಯೋಗವಿದೆಯೇ ಎಂದು ಇಲಿಗಳ ಮೇಲೆ ನೋಡುತ್ತಿದ್ದರು. ವಿಧಾನ ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಇಲಿಗೆ ಅರಿವಳಿಕೆ ಕೊಟ್ಟು, ಕತ್ತಿನ ರಕ್ತನಾಳದೊಳಗಿಂದ ಒಂದು ನೈಲಾನ್ ದಾರವನ್ನು ಮಿದುಳಿನ ಬುಡದ ತನಕ ತೂರಿಸುತ್ತಾರೆ. ಅಲ್ಲಿ ರಕ್ತ ನಿಲ್ಲುತ್ತದೆ. ಗೊತ್ತುಮಾಡಿದ ಹೊತ್ತು ಕಳೆದ ಮೇಲೆ ದಾರ ಎಳೆದು ತೆಗೆಯುತ್ತಾರೆ, ರಕ್ತ ಮತ್ತೆ ಹರಿಯುತ್ತದೆ. ಸೂಜಿಯ ಸರದಿ ಆಮೇಲೆ. ನೆತ್ತಿಯ ಮೇಲೊಂದು, ಹಿಂಗಾಲಿನ ಮೊಣಕಾಲ ಕೆಳಗೆ ಹೊರಬದಿಗೆ ಒಂದು. ಆ ಸೂಜಿಗಳಿಗೆ ಪುಟ್ಟ ಕ್ಲಿಪ್ ಸಿಕ್ಕಿಸಿ ವೈರನ್ನು ಒಂದು ಪೆಟ್ಟಿಗೆಗೆ ಜೋಡಿಸಿ ಗುಂಡಿ ತಿರುಗಿಸಿದರೆ ಕಾಲಿನ ಮಾಂಸ ಸಣ್ಣಗೆ ಅದುರುತ್ತದೆ. ಅಷ್ಟೇ. ಹೊರಗಿನವರು ಏನೇನೋ ಕಲ್ಪಿಸಿಕೊಂಡಿರುತ್ತಾರೆ.

ದಾರ ಹಾಕುವುದು, ಸೂಜಿ ಹಾಕುವುದು ಡಾಕ್ಟರುಗಳ ಕೆಲಸ. ನನ್ನದು ಆಮೇಲಿನ ಆರೈಕೆ. ಗಟ್ಟಿ ತಿನಿಸು ಅಗಿಯಲಾರದ ಇಲಿಗಳಿಗೆ ಅದನ್ನೇ ನೀರಲ್ಲಿ ನೆನೆಸಿ ಗಂಜಿಯ ಹಾಗೆ ಮಾಡಿ ಬಾಯಿಗಿಡುವುದು, ಮೈ ಬೆಚ್ಚಗಿದೆಯೇ ನೋಡುವುದು, ತೂಕ ನೋಡುವುದು. ಇನ್ನೊಂದು ಮುಖ್ಯವಾದದ್ದು ಅಂಕ ಕೊಡುವುದು. ಇಲಿಯನ್ನು ಬಾಲ ಹಿಡಿದು ಮೇಜಿನಿಂದ ಸ್ವಲ್ಪ ಮೇಲೆತ್ತಿದರೆ ಆರೋಗ್ಯವಾಗಿರುವ ಇಲಿ ಮುಂಗಾಲೆರಡನ್ನೂ ನೆಲಕ್ಕೆ ಚಾಚುತ್ತದೆ. ಲಕ್ವ ಆದ ಇಲಿ ಒಂದು ಕಾಲನ್ನು ಚಾಚುತ್ತದೆ, ಇನ್ನೊಂದನ್ನು ಎದೆಗೆ ಮಡಚಿಕೊಳ್ಳುತ್ತದೆ. ನೆಲಕ್ಕೆ ಬಿಟ್ಟರೆ ನೇರ ಹೋಗದೆ ಒಂದೇ ಪಕ್ಕಕ್ಕೆ ಸುತ್ತುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ಮಧ್ಯಾಹ್ನದ ಡಬ್ಬಿ ತೆರೆಯಲಾಗಲಿಲ್ಲ ನನಗೆ. ಕಾಲು ಎತ್ತಿಡಲಾರದೆ ಬಿದ್ದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಅದು ನಡೆಯುತ್ತಲೇ ಇತ್ತು, ತಾನು ಮುಂದಕ್ಕೆ ಹೋಗುತ್ತಿದ್ದೇನೆ ಅಂದುಕೊಂಡು ನಡೆಯುತ್ತಿತ್ತು.

ನಮ್ಮ ಮುಖ್ಯಸ್ಥರು ಶ್ರೀಕಂಠಯ್ಯ ಸಾರ್. ಎತ್ತರದ ಆಳು, ಮಾತು ಬಹಳ ಕಡಿಮೆ. ಬೈದವರಲ್ಲ, ಆದರೂ ಅವರ ಚಪ್ಪಲಿ ಸದ್ದು ಕೇಳಿದರೆ ನಾವೆಲ್ಲ ಕೈಯಲ್ಲಿದ್ದುದನ್ನು ಇನ್ನೊಂದು ಸಲ ಸರಿಮಾಡುತ್ತಿದ್ದೆವು. ಸೂಜಿ ಹಾಕುತ್ತಿದ್ದವಳು ಅವರ ವಿದ್ಯಾರ್ಥಿನಿ ಶಬಾನಾ, ಕೆ.ಆರ್. ನಗರದ ಹುಡುಗಿ, ಚುರುಕು. ಯಾವ ಇಲಿಗೆ ಕರೆಂಟು ಕೊಟ್ಟಿದ್ದಾಳೆ, ಯಾವುದಕ್ಕೆ ಬರೀ ಸೂಜಿ ಚುಚ್ಚಿ ಬಿಟ್ಟಿದ್ದಾಳೆ ಎಂದು ಅವಳು ನನಗೆ ಹೇಳುವ ಹಾಗಿರಲಿಲ್ಲ. ನಾನು ಕೇಳುವ ಹಾಗೂ ಇರಲಿಲ್ಲ. ಅಂಕ ಕೊಡುವವರಿಗೆ ಗೊತ್ತಾಗಿಬಿಟ್ಟರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂದು ಸಾರ್ ಹೇಳುತ್ತಿದ್ದರು. ಆಗ ನನಗೆ ಅದು ಅತಿಯಾಯಿತು ಅನ್ನಿಸುತ್ತಿತ್ತು. ಇಲಿಯ ಕಾಲು ಮಡಚಿದೆಯೋ ಇಲ್ಲವೋ ಅನ್ನುವುದಕ್ಕೂ ಇಷ್ಟು ಗುಟ್ಟೇ?

ನಾನು ಸೇರಿದಾಗ ತಂತಿಯ ತಳದ ಗೂಡುಗಳಿದ್ದವು, ಪಾಪದ ಪ್ರಾಣಿಗಳ ಅಂಗಾಲು ಹುಣ್ಣಾಗುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಗೂಡು, ಕೆಳಗೆ ಮೆತ್ತಗೆ ಹೊಟ್ಟು ಬಂತು. ನೋವಿನ ಔಷಧಿ ಕೊಡದೆ ಆಪರೇಷನ್ ಮಾಡುವಂತಿಲ್ಲ ಎಂಬ ಕಟ್ಟುನಿಟ್ಟು ಬಂತು. ಮೊದಲೆಲ್ಲ ಸತ್ತ ಇಲಿಯ ಮಿದುಳನ್ನು ಬಿಲ್ಲೆ ಬಿಲ್ಲೆ ಕೊಯ್ದು ಬಣ್ಣದಲ್ಲಿ ಅದ್ದುತ್ತಿದ್ದರು. ಜೀವ ಇರುವ ಭಾಗ ಕೆಂಪಗಾಗುತ್ತಿತ್ತು, ಸತ್ತ ಭಾಗ ಬೆಳ್ಳಗೆ ಉಳಿಯುತ್ತಿತ್ತು. ಈಗಲೂ ಮಾಡುತ್ತಾರೆ, ಜೊತೆಗೆ ಸೂಕ್ಷ್ಮದರ್ಶಕದಲ್ಲಿ ಮಿದುಳಿನೊಳಗಿನ ಕಾವಲು ಜೀವಕಣಗಳನ್ನೂ ನೋಡುತ್ತಾರೆ. ಶಬಾನಾ ಒಂದು ಸಲ ನನಗೂ ತೋರಿಸಿದಳು. ಸುಮ್ಮನಿದ್ದಾಗ ಆ ಕಣಗಳಿಗೆ ಎಳೆ ಎಳೆಯಾಗಿ ಕೈಕಾಲು. ಗಾಯವಾದಾಗ ಎಳೆಗಳನ್ನೆಲ್ಲ ಒಳಕ್ಕೆ ಎಳೆದುಕೊಂಡು ಊದಿಕೊಳ್ಳುತ್ತವೆ, ಸತ್ತದ್ದನ್ನು ಬಾಚುವ ಭರದಲ್ಲಿ ಬದುಕಿದ್ದನ್ನೂ ಹಾಳುಮಾಡುತ್ತವೆ. "ಮೊದಲ ಪೆಟ್ಟು ರಕ್ತ ನಿಂತದ್ದು ಮೇಡಂ, ಎರಡನೇ ಪೆಟ್ಟು ಇವುಗಳದ್ದು. ಇದು ದಿನಗಟ್ಟಲೆ ನಡೀತದೆ" ಎಂದಳು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಒಂದು ತಂಡದ ಕೆಲವು ಇಲಿಗಳು ಮಾತ್ರ ನಮ್ಮನ್ನೆಲ್ಲ ಬೆರಗುಗೊಳಿಸಿದವು. ನಾನು ಬಾಲ ಹಿಡಿದು ಎತ್ತುತ್ತೇನೆ, ಎರಡೂ ಕಾಲು ಚಾಚುತ್ತವೆ. ನೆಲಕ್ಕೆ ಬಿಟ್ಟರೆ ನೇರ ನಡೆಯುತ್ತವೆ. ಅಂಕ ಕೊಟ್ಟು ಮುಗಿದ ಮೇಲೆ ಗುಟ್ಟು ಬಿಚ್ಚಿ ನೋಡಿದರೆ ಎಲ್ಲ ಕರೆಂಟು ಕೊಟ್ಟ ಇಲಿಗಳೇ! ಶಬಾನಾ ಕುಣಿದಾಡಿದಳು, ಬಿಳಿಕೆರೆಯಿಂದ ಮೈಸೂರು ಪಾಕ್ ತರಿಸಿದಳು. ನಾನು ಆ ಸಂಜೆ ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ಊಟ ಬಿಟ್ಟು ನನ್ನ ಮುಖವನ್ನೇ ನೋಡಿದರು.

"ಲಕ್ವ ಒಡೆದ ಇಲಿ ಎದ್ದು ನಡೀತಾ ಅಮ್ಮಿ? ಸೂಜಿ ಕರೆಂಟ್ಗೆ?"

"ನಡೀತು ಕಣ್ರೀ, ಕಣ್ಣಾರೆ ನೋಡ್ದೆ."

ಸಾರ್ ಮೈಸೂರು ಪಾಕ್ ಮುಟ್ಟಿರಲಿಲ್ಲ. ಅವರು ಆ ವಾರವೆಲ್ಲ ಆಪರೇಷನ್ ಕೋಣೆಯಲ್ಲಿ ಸುಮ್ಮನೆ ಓಡಾಡುತ್ತಿದ್ದರು. ಒಂದು ಬೆಳಿಗ್ಗೆ ಶಬಾನಾಳ ಮೇಜಿನ ಮೇಲೆ ಅಂಗೈಯಿಟ್ಟು ನಿಂತರು. ಆ ಮೇಜು ಏರ್ ಕಂಡಿಷನ್ನಿನ ನೇರಕ್ಕಿತ್ತು. ಇಲಿಗಳಿಗೆ ಕಾವು ಕೊಡುವ ಹಾಸನ್ನು ಕರೆಂಟು ಪೆಟ್ಟಿಗೆಗೆ ಅಡ್ಡಿ ಬರುತ್ತದೆಂದು ಅವಳು ಆಫ್ ಮಾಡಿದ್ದಳು. ಕರೆಂಟು ಕೊಡದ ಇಲಿಗಳು ಇನ್ನೊಂದು ಮೇಜಿನಲ್ಲಿ ಬೆಚ್ಚಗಿದ್ದವು. ಮೈ ತಣ್ಣಗಾದರೆ ಮಿದುಳಿನ ಹಾನಿ ತಾನಾಗಿಯೇ ಕಡಿಮೆಯಾಗುತ್ತದಂತೆ. ಅಂದರೆ ಇಲಿಗಳನ್ನು ಉಳಿಸಿದ್ದು ಸೂಜಿಯೋ ಚಳಿಯೋ ಯಾರಿಗೂ ಹೇಳಲಾಗದು. ಇಡೀ ತಂಡದ ಫಲಿತಾಂಶ ರದ್ದು. ಶಬಾನಾ ಗೋಡೆ ಕಡೆ ತಿರುಗಿ ಅತ್ತಳು. ಸಾರ್ ಅವಳಿಗೆ ಒಂದೇ ಮಾತು ಹೇಳಿದರು: "ಕೆಟ್ಟ ಸುದ್ದಿ ಬಂದ್ರೆ ಒಂದ್ಸಲ ನೋಡಮ್ಮ. ಒಳ್ಳೇ ಸುದ್ದಿ ಬಂದ್ರೆ ಹೆದರಿಕೊಂಡು ಹತ್ತು ಸಲ ನೋಡು."

ಅದನ್ನೂ ಮನೆಗೆ ಬಂದು ಹೇಳಿದೆ. ಆದರೆ ಅಷ್ಟರಲ್ಲಿ ಮೊದಲಿನ ಸುದ್ದಿ ಟಿಕೆಟ್ಟಿನ ಜೊತೆ ಜೊತೆಗೆ ಪಿರಿಯಾಪಟ್ಟಣ ತಲುಪಿತ್ತು. ನಮ್ಮೆಜಮಾನರ ಬಾಯಿ ಅಂದರೆ ಗೊತ್ತಲ್ಲ. ಹತ್ತಿದವರಿಗೆಲ್ಲ ಹೇಳಿದ್ದಾರೆ: "ನಮ್ಮನೆಯವ್ಳ ಆಫೀಸ್ನಲ್ಲಿ ಲಕ್ವ ವಾಸಿ ಮಾಡೋ ಮಿಷನ್ ಅದೆ ಕಣ್ರೀ. ಬಿದ್ದೋನು ಎದ್ದು ಓಡ್ತಾನೆ." ಇಲಿ ಅನ್ನುವ ಮಾತು ಹುಣಸೂರು ದಾಟುವ ಹೊತ್ತಿಗೆ ಉದುರಿಹೋಗಿತ್ತು. ಹೆಂಡತಿಯ ಕೆಲಸ ಅಂದರೆ ಇಲಿ ಹಿಕ್ಕೆ ಬಾಚುವುದು ಎಂದು ಅವರ ಅಕ್ಕ ಭೇರ್ಯದಿಂದ ಬಂದಾಗಲೆಲ್ಲ ಚುಚ್ಚುತ್ತಿದ್ದರು. ಅದಕ್ಕೆ ಉತ್ತರ ಸಿಕ್ಕಿತಲ್ಲ ಎಂಬ ಖುಷಿ ಪಾಪ ಯಜಮಾನರಿಗೆ.

ಗೇಟಿಗೆ ಜನ ಬರತೊಡಗಿದರು. ಎಚ್.ಡಿ. ಕೋಟೆ ಕಡೆಯಿಂದ ಒಬ್ಬ ತಾಯಿ ಆಟೋದಲ್ಲಿ ಮಗನನ್ನು ಮಲಗಿಸಿಕೊಂಡು ಬಂದದ್ದನ್ನು ನಾನು ಮರೆಯಲಾರೆ. ಬಿದ್ದು ತಿಂಗಳುಗಳೇ ಆಗಿದ್ದವು. ಪಾರಿವಾಳದ ರಕ್ತ ಸವರಿಸಿದ್ದರು, ಎಲ್ಲೆಲ್ಲಿಯೋ ಎಣ್ಣೆ ಹಚ್ಚಿಸಿದ್ದರು. ಆಸ್ಪತ್ರೆ ಒಂದನ್ನು ಬಿಟ್ಟು ಎಲ್ಲ ಕಡೆ ಹೋಗಿದ್ದರು. ಮಗನ ಬಲಗೈ ಎದೆಗೆ ಮಡಚಿಕೊಂಡಿತ್ತು. ಅದು ನನಗೆ ದಿನಾ ಕಾಣುವ ಕಾಲು. ಇಲಿಯಲ್ಲಿ ನೋಡುವಾಗ ಅಂಕ ಕೊಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದೆ. ಇವನಿಗೆ ಏನು ಅಂಕ ಕೊಡಲಿ?

ಸಾರ್ ತಾವೇ ಗೇಟಿಗೆ ಬಂದು ಆ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತರು. ನಮ್ಮ ಹತ್ತಿರ ಇರುವುದು ಇಲಿಗಳು, ಇಲಿಗೆ ಆದದ್ದು ಮನುಷ್ಯನಿಗೆ ಆಗುತ್ತದೆ ಎನ್ನಲು ಇನ್ನೂ ಬಹಳ ಕೆಲಸ ಇದೆ, ಅದೂ ಆಗದೆಯೇ ಹೋಗಬಹುದು ಎಂದು ಹೇಳಿದರು. ಮೈಸೂರಿನಲ್ಲಿ ಒಬ್ಬ ವ್ಯಾಯಾಮ ಚಿಕಿತ್ಸೆಯವರ ವಿಳಾಸ ಕೊಟ್ಟರು. ಆ ತಾಯಿ ಎಲ್ಲ ಕೇಳಿ, "ಆಗ್ಲಿ ಸ್ವಾಮಿ. ಒಂದೇ ಒಂದ್ಸಲ ಮಿಷನ್ ಮುಟ್ಟಿಸ್ಬುಡಿ" ಎಂದಳು. ಆಟೋ ಹೋದ ಮೇಲೆ ಸಾರ್ ನನ್ನ ಕಡೆ ತಿರುಗಿದರು.

"ಇದನ್ನ ಹೇಳ್ತಿರೋರು ಯಾರು ಜಯಮ್ಮ?"

"ನಮ್ಮೆಜಮಾನ್ರು ಸಾರ್" ಎಂದೆ.

"ಬಾಯಿ ಮುಚ್ಚಿ ಅನ್ನಬೇಡಿ. ಅವರ ಮಾತು ಜನ ಕೇಳ್ತಾರೆ. ಬಾಯಿ ಸೊಟ್ಟ ಆದ್ರೆ, ಕೈ ಬಿದ್ದುಹೋದ್ರೆ, ಮಾತು ತೊದಲಿದ್ರೆ ಆ ಕ್ಷಣವೇ ಸ್ಕ್ಯಾನ್ ಇರೋ ಆಸ್ಪತ್ರೆಗೆ ಅಂತ ಹೇಳೋಕೆ ಹೇಳಿ."

ಹೇಳಿದೆ. ಯಜಮಾನರು ನಕ್ಕರು. "ಹೆದರ್ಸೋ ಮಾತು ಯಾರ್ ಕೇಳ್ತಾರೆ ಬುಡು ಅಮ್ಮಿ" ಎಂದರು. ನನಗೆ ಆಗಿನಿಂದಲೇ ಒಂದು ಅಳುಕು ಶುರುವಾಯಿತು. ಅವರಿಗೆ ಬಿಪಿ ಇತ್ತು. ಮಾತ್ರೆಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಹೋಗಿ ಹಾಗೆಯೇ ಒಗೆಯಲು ಹಾಕುತ್ತಿದ್ದರು. ನೆನೆದು ಸುಣ್ಣದ ಹಾಗಾದ ಮಾತ್ರೆಗಳನ್ನು ಜೇಬಿನಿಂದ ತೆಗೆಯುವಾಗಲೆಲ್ಲ ಪ್ರಾಣಿಮನೆಯ ಮೇಜು ನೆನಪಾಗುತ್ತಿತ್ತು. ಜಗಳವಾಡುತ್ತಿದ್ದೆ, ಅವರು ಇನ್ನೊಂದು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದರು.

ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ, ಗೇಟಿನಲ್ಲಿ ಹಾರ್ನ್ ಒಂದೇ ಸಮನೆ ಕೂಗತೊಡಗಿತು. ಅದು ಅವರ ಬಸ್ಸಿನ ಹಾರ್ನು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಇವರ ಬಸ್ಸು ಆ ಹೊತ್ತಿನಲ್ಲಿ ನಮ್ಮಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿದ್ದ ಇಲಿಯನ್ನು ಗೂಡಿಗೆ ಬಿಟ್ಟು ಓಡಿದೆ.

ಬಸ್ಸಿನ ಜನರೆಲ್ಲ ಕೆಳಗಿಳಿದಿದ್ದರು. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಯಾರದೋ ಟವೆಲ್ ಹಾಸಿ ಯಜಮಾನರನ್ನು ಮಲಗಿಸಿದ್ದರು. ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. ಬಲಗೈ ಎದೆಗೆ ಮಡಚಿಕೊಂಡಿತ್ತು. ಇಷ್ಟು ವರ್ಷ ಬಾಲ ಹಿಡಿದು ಎತ್ತಿ ನೋಡಿದ್ದು ಇದನ್ನೇ.

ಡ್ರೈವರ್ ಬಸವರಾಜು ನನ್ನ ಕಂಡು ಕೈ ಮುಗಿದ. ಅವನ ಅಂಗಿಯೆಲ್ಲ ಬೆವರು. "ಅಕ್ಕಾ, ಎಲ್ಲೂ ನಿಲ್ಲಿಸ್ದೆ ಸೀದಾ ಇಲ್ಗೇ ತಂದಿವ್ನಿ ಕಣಕ್ಕ. ಬ್ಯಾಗ ಮಿಷನ್ ತರ್ಸಿ."

"ಎಲ್ಲಿ ಆಯ್ತು ಬಸವರಾಜು?"

"ಇಲವಾಲದಲ್ಲಿ ಚೆನ್ನಾಗೇ ಕೂಗಿ ಇಳಿಸ್ದ. ಅಲ್ಲಿಂದ ಸ್ವಲ್ಪ ಮುಂದಕ್ ಬಂದಿದ್ದೊ. ಬಿಳಿಕೆರೆ ಟಿಕೆಟ್ ಯಾರ್ರೀ ಅಂತ ಕೇಳಕ್ಕೋಗಿ 'ಬಿಳಿ... ಬಿಳಿ...' ಅಂದ. ಆಮೇಲ್ ಕುಸ್ದೋದ."

ಇಲವಾಲ! ಅಲ್ಲಿಂದ ತಿರುಗಿಸಿದ್ದರೆ ಮೈಸೂರು ಎದುರಿಗೇ ಇತ್ತು. ಬಸ್ಸಿನವರು ಆಸ್ಪತ್ರೆಗಳಿಗೆ ಬೆನ್ನು ಹಾಕಿ ನನ್ನ ಹತ್ತಿರಕ್ಕೆ ಓಡಿಸಿಕೊಂಡು ಬಂದಿದ್ದರು. ದುಡ್ಡಿಗಲ್ಲ, ಉದಾಸೀನಕ್ಕಲ್ಲ, ಪ್ರೀತಿಗೆ. ಯಜಮಾನರೇ ದಿನಾ ಹೇಳಿದ್ದ ಮಾತನ್ನು ಆ ಜನ ನಂಬಿದ್ದರು. ಅಷ್ಟರಲ್ಲಿ ಯಾರೋ ಸೋಡಾ ಬಾಟಲಿ ಅವರ ಬಾಯಿಗೆ ಹಿಡಿಯುತ್ತಿದ್ದರು. ನಾನು ಕೈಯಿಂದ ಹೊಡೆದು ಉರುಳಿಸಿದೆ. ಲಕ್ವ ಆದ ಬಾಯಿಗೆ ನೀರು ಬಿಟ್ಟರೆ ಶ್ವಾಸಕ್ಕೆ ಹೋಗುತ್ತದೆಂದು ಅಲ್ಲಿ ನಿಂತು ವಿವರಿಸುವ ವ್ಯವಧಾನ ಯಾರಿಗಿತ್ತು?

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಜನರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಮುದುಕಿಯೊಬ್ಬಳು, "ಒಂದ್ ಸೂಜಿ ಆಕ್ಬುಡವ್ವ, ಮಗ ಎದ್ಬುಡ್ಲಿ" ಅನ್ನುತ್ತಿದ್ದಳು. ಪೆಟ್ಟಿಗೆ ಒಳಗಿತ್ತು, ಶಬಾನಾಳೂ ಒಳಗಿದ್ದಳು. ಆ ಕ್ಷಣ ನನಗೂ ಆಸೆಯಾಯಿತು. ಎಲ್ಲ ಗೊತ್ತಿದ್ದೂ, ರದ್ದಾದ ತಂಡದ ಕಥೆ ಗೊತ್ತಿದ್ದೂ, ಒಂದು ಸಲ ಹಾಕಿ ನೋಡಿದರೆ ಏನು ಹೋಗುತ್ತದೆ ಅನ್ನಿಸಿತು. ಕೋಟೆಯ ಆ ತಾಯಿಯ ಬಾಯಿಂದ ಬಂದ ಮಾತೇ ನನ್ನ ಬಾಯಿಗೂ ಬಂದಿತ್ತು. ತಿರುಗಿ ನೋಡಿದರೆ ಸಾರ್ ಹಿಂದೆಯೇ ನಿಂತಿದ್ದರು.

"ಸಾರ್, ಶಬಾನಾ ಒಂದ್ಸಲ..."

"ಜಯಮ್ಮ, ದಾರ ಇನ್ನೂ ಒಳಗೇ ಇದೆ" ಎಂದರು.

ಅಷ್ಟು ಸಾಕಾಯಿತು. ನಾವು ಯಾವ ಇಲಿಗೂ ದಾರ ತೆಗೆಯದೆ ಸೂಜಿ ಹಾಕಿರಲಿಲ್ಲ. ಇವರ ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಕೂತಿದ್ದರೆ ಅದನ್ನು ಕರಗಿಸುವವರು ಮೈಸೂರಿನಲ್ಲಿದ್ದಾರೆ. ಹೆಪ್ಪಲ್ಲದೆ ನಾಳವೇ ಒಡೆದಿದ್ದರೆ ಅದನ್ನು ಹೇಳುವ ಸ್ಕ್ಯಾನೂ ಅಲ್ಲೇ ಇದೆ. ಸಾರ್ ಜನರ ಕಡೆ ತಿರುಗಿ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಇಲ್ಲಿ ಏನೂ ಇಲ್ಲ! ಎತ್ತಿ! ಬಸ್ಸು ತಿರುಗಿಸಿ!"

ಆಂಬುಲೆನ್ಸಿಗೆ ಕಾಯುವುದಕ್ಕಿಂತ ಬಸ್ಸೇ ಬೇಗ ಎಂದು ಬಸವರಾಜು ಅಂದ, ಸಾರ್ ಹೂಂ ಅಂದರು. ಹೆದ್ದಾರಿಯಲ್ಲಿ ಅಷ್ಟುದ್ದದ ಬಸ್ಸು ತಿರುಗಿಸಲು ನಾಲ್ಕಾರು ಗಂಡಸರು ಎರಡೂ ಕಡೆ ಕೈ ಚಾಚಿ ಲಾರಿಗಳನ್ನು ತಡೆದರು. ಪಿರಿಯಾಪಟ್ಟಣಕ್ಕೆ ಟಿಕೆಟ್ ತೆಗೆದಿದ್ದ ಜನ ಒಬ್ಬರೂ ಅಲ್ಲಿ ಉಳಿಯಲಿಲ್ಲ. ಎಲ್ಲ ಮತ್ತೆ ಹತ್ತಿ ಕೂತು ಬಂದ ದಾರಿಯಲ್ಲೇ ಮೈಸೂರಿಗೆ ಹೊರಟರು. ಇಳಿಯಿರಿ ಎನ್ನಲು ನನಗೂ ನೆನಪಾಗಲಿಲ್ಲ, ಇಳಿಯುತ್ತೇವೆ ಎನ್ನಲು ಅವರಿಗೂ ನೆನಪಾಗಲಿಲ್ಲ. ಸಾರ್ ಮುಂದಿನ ಸೀಟಿನಲ್ಲಿ ಕೂತು ಆಸ್ಪತ್ರೆಯ ಪರಿಚಯದವರಿಗೆ ಫೋನು ಮಾಡುತ್ತಿದ್ದರು. ಇಲವಾಲ ದಾಟಿದಾಗ ಚೆನ್ನಾಗಿದ್ದರು, ಬಿಳಿಕೆರೆ ಎನ್ನಲಾಗಲಿಲ್ಲ ಎಂಬುದನ್ನು ಹೇಳುತ್ತಿದ್ದರು. ಯಾವಾಗ ಶುರುವಾಯಿತು ಅನ್ನುವುದರ ಮೇಲೆಯೇ ಔಷಧಿ ಕೊಡಬಹುದೋ ಬೇಡವೋ ಎಂದು ತೀರ್ಮಾನವಂತೆ.

ನಾನು ಬಸ್ಸಿನ ನೆಲದ ಮೇಲೆ ಯಜಮಾನರನ್ನು ಪಕ್ಕಕ್ಕೆ ಮಲಗಿಸಿಕೊಂಡು ಕೂತಿದ್ದೆ. ಅವರ ಕಣ್ಣು ನನ್ನನ್ನು ನೋಡುತ್ತಿತ್ತು. ಏನೋ ಹೇಳಲು ಬಾಯಿ ಆಡಿಸುತ್ತಿದ್ದರು, ಜೊಲ್ಲು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಗಂಟಲು. ನನ್ನ ಕಣ್ಣಿಗೆ ಬಣ್ಣದಲ್ಲಿ ಅದ್ದಿದ ಬಿಲ್ಲೆಗಳೇ ಬರುತ್ತಿದ್ದವು. ಬಿಳಿಕೆರೆ ದಾಟುವಾಗ ಇಷ್ಟು ಬೆಳ್ಳಗಾಗಿರಬಹುದು, ಇಲವಾಲಕ್ಕೆ ಬರುವಷ್ಟರಲ್ಲಿ ಇನ್ನಿಷ್ಟು. ಬೇರೆ ಹೆಂಡತಿಯರು ದೇವರ ಹೆಸರು ಹೇಳಿಕೊಂಡು ಕೂರುತ್ತಾರೆ. ನನಗೆ ಒಳಗೆ ಏನಾಗುತ್ತಿದೆಯೆಂದು ಗೊತ್ತಿತ್ತು, ಅದೇ ನನ್ನ ಪಾಪ.

ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಸಮಯ ಮೀರಲು ಇನ್ನು ಸ್ವಲ್ಪವೇ ಉಳಿದಿತ್ತು ಎಂದು ಡಾಕ್ಟರ್ ಹೇಳಿದರು, ಕರಗಿಸುವ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಅವರು ಬಲಗೈ ಬೆರಳು ಅಲ್ಲಾಡಿಸಿದರು. ಆಸ್ಪತ್ರೆಯ ಅಂಗಳದಲ್ಲಿ ಕೂತಿದ್ದ ಪಿರಿಯಾಪಟ್ಟಣದ ಪ್ರಯಾಣಿಕರು ಅದನ್ನು ಕೇಳಿ ಚಪ್ಪಾಳೆ ತಟ್ಟಿದರಂತೆ. ಬಸವರಾಜು ಆಮೇಲೆ ಅವರನ್ನೆಲ್ಲ ಕೂರಿಸಿಕೊಂಡು ಹೋದ. ಮರುದಿನ ಅವರ ಅಕ್ಕ ಭೇರ್ಯದಿಂದ ಬಂದು, "ದಾಟ್ಬುಟ್ಟ ಕಣವ್ವ ನಮ್ ತಮ್ಮ" ಎಂದು ನನ್ನ ಕೈ ಹಿಡಿದು ಅತ್ತರು. ಅವರ ಚೀಲದೊಳಗೆ ಪಾರಿವಾಳ ಪಟಪಟ ಅನ್ನುತ್ತಿತ್ತು. ಅದನ್ನು ಕಿಟಕಿಯಿಂದ ಹಾರಿಬಿಟ್ಟೆ. ಅವರು ಮಾತು ಬಿಟ್ಟರು, ಬಿಡಲಿ.

ಎಲ್ಲರೂ ದಾಟಿತು ಅನ್ನುವಾಗ ನನಗೆ ಭಯ ಜಾಸ್ತಿಯಾಯಿತು. ಶಬಾನಾ ತೋರಿಸಿದ್ದ ಊದಿಕೊಂಡ ಕಣಗಳು ನೆನಪಾದವು. ಎರಡನೇ ಪೆಟ್ಟು ಇನ್ನು ಮುಂದೆ. ಅವರು ನಿದ್ದೆ ಮಾಡಿದರೆ ಇದು ನಿದ್ದೆಯೋ ಮಿದುಳು ಬಾತು ಬಂದ ಮಂಪರೋ ಎಂದು ಅಲ್ಲಾಡಿಸಿ ಎಬ್ಬಿಸುತ್ತಿದ್ದೆ. ನರ್ಸಮ್ಮ ಬೈದರು. ಡಾಕ್ಟರ್ ಒಬ್ಬರು ನಗುತ್ತಾ, "ಜಾಸ್ತಿ ತಿಳ್ಕೊಂಡಿದೀರಿ ಅಮ್ಮ" ಎಂದರು. ಬಾವು ಬಂತು, ಇಳಿಯಿತು. ಮನೆಗೆ ಕರೆತಂದೆವು. ಬಲಗಾಲು ಸ್ವಲ್ಪ ಎಳೆಯುತ್ತದೆ, ಮಾತು ನಿಧಾನ. ಕಂಡಕ್ಟರ್ ಕೆಲಸ ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಹೊಸದರಲ್ಲಿ ಒಂದೊಂದೇ ಪದ ಹುಡುಕಿ ಹುಡುಕಿ ನನ್ನನ್ನು ಕೇಳಿದರು. "ಇಲಿಗ್... ಮಾಡಿದ್ದ... ನಂಗ್ಯಾಕ್... ಮಾಡಲ್ಲ?" ನಾನು ತಣ್ಣಗಿನ ಮೇಜಿನ ಕಥೆಯನ್ನು ಮತ್ತೆ ಹೇಳಿದೆ. ಮತ್ತೆ ಮಾಡಿದ ತಂಡದಲ್ಲಿ ಕರೆಂಟು ಕೊಟ್ಟ ಇಲಿಗಳ ಮಿದುಳಲ್ಲಿ ಉರಿಯೂತ ಸ್ವಲ್ಪ ಕಡಿಮೆ ಇತ್ತು, ಕೆಲವು ಸ್ವಲ್ಪ ಚೆನ್ನಾಗಿ ನಡೆದವು, ಕೆಲವು ನಡೆಯಲಿಲ್ಲ, ಅವೆಲ್ಲ ಒಂದೇ ವಯಸ್ಸಿನ ಹರೆಯದ ಇಲಿಗಳು, ಬಿಪಿ ಇಲ್ಲ, ಬೀಡಿ ಇಲ್ಲ ಎಂದೆ. ನಿಮ್ಮ ಹಾಗೆ ಮಾತ್ರೆ ಒಗೆಯಲು ಹಾಕಿದವಲ್ಲ ಎಂದೂ ಸೇರಿಸಿದೆ. ಅವರು ಅರ್ಧ ಬಾಯಲ್ಲಿ ನಕ್ಕರು. ಆಮೇಲೆ ವ್ಯಾಯಾಮ ಹೇಳಿಕೊಡುವವರು ಬಂದಾಗಲೆಲ್ಲ ಮರುಮಾತಾಡದೆ ಗೋಡೆ ಹಿಡಿದು ನಡೆದರು.

ನಾನು ಕೆಲಸಕ್ಕೆ ಮರಳಿದೆ. ಮೊದಲ ಇಲಿಯ ಬಾಲ ಹಿಡಿದು ಎತ್ತಿದೆ. ಕಾಲು ಮಡಚಿತ್ತೋ ಚಾಚಿತ್ತೋ, ದೇವರಾಣೆಗೂ ಗೊತ್ತಾಗಲಿಲ್ಲ. ಚಾಚು, ಚಾಚು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಎಲ್ಲ ಇಲಿಗಳೂ ನನಗೆ ವಾಸಿಯಾದಂತೆಯೇ ಕಂಡವು. ಸಾರ್ ಹತ್ತಿರ ಹೋಗಿ ನನ್ನಿಂದ ಇನ್ನು ಅಂಕ ಕೊಡಲಾಗದು ಎಂದೆ. ಅವರು, "ಗೊತ್ತು ಜಯಮ್ಮ. ನೀವಾಗೇ ಬರ್ಲಿ ಅಂತ ಕಾಯ್ತಿದ್ದೆ" ಎಂದರು. ಅಲ್ಲಿಂದ ನಿವೃತ್ತಿಯ ತನಕ ಗೂಡು ತೊಳೆದು, ಹೊಟ್ಟು ಹಾಸಿ, ಬಾಯಿ ಸೋತ ಇಲಿಗಳಿಗೆ ಗಂಜಿ ಹಾಕುತ್ತಿದ್ದೆ. ಹುಡುಗಿಯರೇ, ನಿಮಗೆ ಹೇಳಬೇಕಾದ ಮಾತು ಇದೇ. ಮನೆಯ ಭಯ ಕೈಗೆ ಬಂದ ದಿನ ಬಾಲ ಬಿಟ್ಟುಬಿಡಿ. ಅದರಲ್ಲಿ ಅವಮಾನವಿಲ್ಲ.

ಮನೆಯಲ್ಲಿ ಮಾತ್ರ ಅಂಕ ಕೊಡುವುದನ್ನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಡುವ ಮೊದಲು ಅವರು ಎರಡೂ ಕೈ ಮುಂದಕ್ಕೆ ಚಾಚಬೇಕು, ಹಲ್ಲು ಬಿಡಬೇಕು, ರೂಟು ಕೂಗಬೇಕು. ಅವರಿಗೆ ನಗು, ನನಗೆ ಪ್ರಾಣಸಂಕಟ. "ಮೈಸೂರು, ಇಲವಾಲ..." ಅಲ್ಲಿಗೆ ಬಂದಾಗ ನನ್ನ ಉಸಿರು ಕಟ್ಟುತ್ತದೆ. "ಬಿಳಿಕೆರೆ" ಎಂದು ಪೂರ್ತಿ ಬಂದ ಮೇಲೆಯೇ ಬಿಡುತ್ತೇನೆ. ಆಮೇಲೆ ಇಲಿ ಗೇಟು, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣ. ಎರಡನೇ ಸಲ ಹೊಡೆಯಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಹೊಡೆಯದೆಯೂ ಇರಬಹುದು ಎಂದೂ ಹೇಳಿದ್ದಾರೆ, ಅದು ನನ್ನ ಕಿವಿಯಲ್ಲಿ ನಿಂತಿಲ್ಲ.

ಮೊನ್ನೆ ಹೀಗೆಯೇ ಕೂಗಿಸುತ್ತಿದ್ದೆ. "ಮೈಸೂರು, ಇಲವಾಲ, ಬಿಳಿಕೆರೆ, ಹುಣಸೂರು..."

ಇಲಿ ಗೇಟು ಬರಲಿಲ್ಲ.

ನನ್ನ ಕೈಯ ಲೋಟ ಜಾರಿ ಕಾಫಿಯೆಲ್ಲ ನೆಲದ ಪಾಲಾಯಿತು. ಅವರ ಗಲ್ಲ ಹಿಡಿದು ಬಾಯಿ ಸೊಟ್ಟಗಾಗಿದೆಯೇ ನೋಡಿದೆ. ಕೈ ಎತ್ತಿ, ಎರಡೂ ಕೈ ಎತ್ತಿ ಎಂದು ಕಿರುಚಿದೆ. ಅವರು ಗಾಬರಿಯಾಗಿ ಎರಡನ್ನೂ ಎತ್ತಿದರು. ಎರಡೂ ಸಮವಾಗಿದ್ದವು.

"ಇನ್ನೊಂದ್ಸಲ ಕೂಗಿ. ಬಿಳಿಕೆರೆ ಆದ್ಮೇಲೆ ಏನು? ಏನ್ ಬರ್ತದೆ ಬಿಳಿಕೆರೆ ಆದ್ಮೇಲೆ?"

ಅವರು ಕೈಗಳನ್ನು ಮೇಲೆಯೇ ಹಿಡಿದುಕೊಂಡು ನನ್ನನ್ನು ನೋಡಿದರು. "ಗೊತ್ತು ಕಣಮ್ಮಿ. ಬೇಕೂಂತ್ಲೇ ಬುಟ್ಟೆ" ಎಂದರು ನಿಧಾನವಾಗಿ. "ಅಲ್ಲಿ ಗಾಡಿ ನಿಲ್ಸೋದು ಬ್ಯಾಡ. ಸೀದಾ ಆಸ್ಪತ್ರೆಗ್ ವೋಗ್ಲಿ."

ನಾನು ಚೆಲ್ಲಿದ ಕಾಫಿಯ ಪಕ್ಕದಲ್ಲೇ ಕುಸಿದು ಕೂತು ಅತ್ತೆ. ಅವರು ಎತ್ತಿದ ಕೈ ಇಳಿಸಬಹುದೋ ಇಲ್ಲವೋ ತಿಳಿಯದೆ ಹಾಗೆಯೇ ನಿಂತಿದ್ದರು.